ಎಲೆ, ಕಾಯಿ, ಚಿಪ್ಪಿನಿಂದಲೇ ಶಿಲ್ಪ: ಅಚ್ಚು-ಎರಕದ ಬಗ್ಗೆ ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಎಲೆ, ಕಾಯಿ, ತೊಗಟೆ, ಚಿಪ್ಪು ಇವುಗಳ ಮೇಲಿಂದಾನೇ ಅಚ್ಚು ತೆಗೆದು ಶಿಲ್ಪ ಮಾಡೋ ಬಗ್ಗೆ ಬರೆದಿದ್ವಿ. ಅದೂ ಸಿಲಿಕಾನ್ ರಬ್ಬರ್, ರೆಸಿನ್, ಫೈಬರ್ ಯಾವುದೂ ಇಲ್ಲದೆ ಜೇನುಮೇಣ, ಕಾಗದ, ಹುಣಸೆಬೀಜದ ಅಂಟು, ಕಡಲಪಾಚಿಯಿಂದ ಬರೋ ಪುಡಿಗಳು, ಹೀಗೆ ಜೀವ ಇದ್ದ ವಸ್ತುಗಳನ್ನೇ ಬಳಸಿ. ಅದನ್ನ ಓದಿ ಮನೇಲಿ, ಶಾಲೇಲಿ ಮಾಡಿ ನೋಡಿದವರೇ ಜಾಸ್ತಿ ಪತ್ರ ಬರೆದಿದ್ದಾರೆ, ತುಂಬಾ ಖುಷಿ ಆಯ್ತು. ಒಂದೇ ಥರದ ಪ್ರಶ್ನೆಗಳನ್ನ ಒಟ್ಟಿಗೆ ಸೇರಿಸಿ ಉತ್ತರ ಕೊಟ್ಟಿದೀವಿ.

ಪ್ರಶ್ನೆ: ನಾ ಇಲ್ಲಿ ಹೈಸ್ಕೂಲಿನಾಗ ಡ್ರಾಯಿಂಗ್ ಮಾಸ್ತರ ಇದ್ದೀನ್ರಿ. ಜೆಲಟಿನ್ ಕಾಸಿ ಹಾಗಲಕಾಯಿ ಅಚ್ಚು ತೆಗೀಲಿಕ್ಕೆ ಹುಡುಗ್ರಿಗೆ ಹೇಳಿಕೊಟ್ಟೆ. ಜನವರಿದಾಗ ಛಲೋ ಬಂತು. ಏಪ್ರಿಲ್‌ದಾಗ ಅದೇ ಅಳತಿ ಹಾಕಿದ್ರೂ ಅಚ್ಚು ನಿಲ್ಲವಲ್ದು, ಜೋಲಿ ಬೀಳ್ತದ, ಪ್ಲಾಸ್ಟರ್ ಹಾಕಿದ್ರ ಒಳಗಿನ ಗೆರಿ ಎಲ್ಲಾ ಅಳಿಸಿ ಹೋಗ್ತಾವ. ಎಲ್ಲಿ ತಪ್ಪಾಗ್ಯಾದ್ರಿ?
— ಡ್ರಾಯಿಂಗ್ ಮಾಸ್ತರು, ಕಲಬುರಗಿ

ಉತ್ತರ: ಮಾಸ್ತರೇ, ನಿಮ್ಮ ಅಳತೆ ಸರಿಯಾಗೇ ಇದೆ, ಕೆಡಿಸಿದ್ದು ನಿಮ್ಮೂರ ಬಿಸಿಲು. ಜೆಲಟಿನ್ ಗಟ್ಟಿಯಾದ ಮೇಲೆ ಮತ್ತೆ ಕರಗೋಕೆ ಶುರು ಆಗೋದು ಸುಮಾರು 30ರಿಂದ 35 ಡಿಗ್ರಿಗೆ, ಏಪ್ರಿಲ್‌ನಲ್ಲಿ ನಿಮ್ಮ ಕ್ಲಾಸ್‌ರೂಮೇ ಅಷ್ಟು ಬಿಸಿ ಇರತ್ತೆ. ಅದರ ಮೇಲೆ ಪ್ಲಾಸ್ಟರ್ ಗಟ್ಟಿಯಾಗೋವಾಗ ತಾನೇ ಶಾಖ ಬಿಡತ್ತೆ, ದಪ್ಪಗಿದ್ರೆ 60 ಡಿಗ್ರಿವರೆಗೂ ಹೋಗಬಹುದು, ಹಾಗಾಗಿ ಅಚ್ಚಿನ ಒಳಮೈ ಮೊದಲು ಕರಗಿ ಹಾಗಲಕಾಯಿಯ ಮುಳ್ಳು ಮುಳ್ಳಾದ ಏಣುಗಳೆಲ್ಲ ಮೊಂಡಾಗಿಬಿಡ್ತವೆ. ಹಿಂದಿನವರು ಈ ತೊಂದರೆಗೆ ಜೆಲಟಿನ್ ಅಚ್ಚಿನ ಒಳಗೆ ಪಟಕದ ನೀರು ಸವರ್ತಿದ್ರು, ಪಟಕ ಮೇಲಿನ ಪದರವನ್ನ ಗಟ್ಟಿ ಮಾಡತ್ತೆ. ಆದ್ರೆ 40 ದಾಟೋ ಊರಲ್ಲಿ ಅದೂ ಸಾಲದು.

ನೀವು ಅಗರ್‌ಗೆ ಬದಲಾಯಿಸಿ. ಕಿರಾಣಿ ಅಂಗಡೀಲಿ ಚೈನಾ ಗ್ರಾಸ್ ಅಂತ ಪುಡ್ಡಿಂಗ್ ಮಾಡೋಕೆ ಮಾರ್ತಾರಲ್ಲ ಅದೇ, ಕೆಂಪು ಕಡಲಪಾಚಿಯಿಂದ ಬರತ್ತೆ, ತಮಿಳುನಾಡಿನ ರಾಮನಾಥಪುರದ ಕಡಲತೀರದಲ್ಲಿ ಹೆಣ್ಣುಮಕ್ಕಳು ನೀರಿಗೆ ಮುಳುಗಿ ಕಿತ್ತು ತರ್ತಾರೆ. ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಆಗೋದು, ಅದನ್ನ ಮುಟ್ಟೋಕೆ ಇಷ್ಟಪಡದ ಮನೆಯ ಮಕ್ಕಳು ನಿಮ್ಮ ಕ್ಲಾಸಲ್ಲಿದ್ರೆ ಆ ಸಮಸ್ಯೇನೂ ಇದರಲ್ಲಿಲ್ಲ. ಮುಖ್ಯ ವಿಷಯ ಅಂದ್ರೆ ಅಗರ್ ಗಟ್ಟಿಯಾಗೋದು 40 ಡಿಗ್ರಿಗಿಂತ ಸ್ವಲ್ಪ ಕೆಳಗೆ, ಆದ್ರೆ ಒಮ್ಮೆ ಗಟ್ಟಿಯಾದ್ರೆ ಮತ್ತೆ ಕರಗೋಕೆ ಸುಮಾರು 85 ಡಿಗ್ರಿ ಬೇಕು. ಕಲಬುರಗಿ ಬಿಸಿಲೂ ಪ್ಲಾಸ್ಟರಿನ ಬಿಸಿಯೂ ಎರಡೂ ಸೇರಿದ್ರೂ ಅದು ಜಗ್ಗಲ್ಲ.

ಅಳತೆ: ಒಂದು ಲೀಟರ್ ನೀರಿಗೆ 30ರಿಂದ 40 ಗ್ರಾಂ, ಅಂದ್ರೆ ಪುಡ್ಡಿಂಗ್‌ಗೆ ಹಾಕೋದರ ಮೂರು-ನಾಲ್ಕು ಪಟ್ಟು. ಮೊದಲು ತಣ್ಣೀರಲ್ಲಿ ನೆನೆಸಿ, ಆಮೇಲೆ ಕುದಿ ಬಂದ ಮೇಲೂ ಕೆಲವು ನಿಮಿಷ ತಿರುವುತ್ತಾ ಇರಿ, ಒಂದು ಎಳೆಯೂ ಉಳೀಬಾರದು. ಜೆಲಟಿನ್‌ನ ಕುದಿಸಿದ್ರೆ ಶಕ್ತಿ ಕಳ್ಕೊಳತ್ತೆ, ಅಗರ್‌ನ ಕುದಿಸದೇ ಇದ್ರೆ ಕರಗೋದೇ ಇಲ್ಲ, ಈ ವ್ಯತ್ಯಾಸ ಹುಡುಗರಿಗೆ ಮೊದಲೇ ಹೇಳಿಬಿಡಿ. ಒಂದೆರಡು ಚಮಚ ಗ್ಲಿಸರಿನ್ ಹಾಕಿದ್ರೆ ಅಚ್ಚು ಸ್ವಲ್ಪ ಬಾಗತ್ತೆ, ಇಲ್ಲಾಂದ್ರೆ ಅಗರ್ ಬಿರುಸು, ಎಳೆದ ಕೂಡಲೇ ಸೀಳತ್ತೆ, ಅದೊಂದೇ ಅದರ ದೊಡ್ಡ ಕೊರತೆ. ಇಳಿಸಿದ ಮೇಲೆ 50 ಡಿಗ್ರಿ ಹತ್ತಿರ ಬರೋವರೆಗೂ ಕಾಯಿರಿ, ಪಾತ್ರೆ ಹೊರಗೆ ಕೈ ಇಟ್ರೆ ಬಿಸಿ ಅನ್ನಿಸಬೇಕು, ಆದ್ರೆ ಇಟ್ಟ ಕೈ ತೆಗೀಬೇಕು ಅನ್ನಿಸಬಾರದು. ತೀರಾ ಕಾದ್ರೂ ಕಷ್ಟ, 40ಕ್ಕೆ ಇಳಿದ ಕೂಡಲೇ ಕೈಯಲ್ಲೇ ಗಡ್ಡೆ ಕಟ್ಟತ್ತೆ.

ಮೊದಲ ಪದರವನ್ನ ಮೆತ್ತನೆ ಬ್ರಷ್‌ನಿಂದ ಕಾಯಿಯ ಸಂದಿಗಳಿಗೆಲ್ಲ ಹಚ್ಚಿ ಆಮೇಲೆ ಉಳಿದದ್ದನ್ನ ಒಂದು ಮೂಲೆಯಿಂದ ನಿಧಾನಕ್ಕೆ ಸುರೀರಿ, ಗುಳ್ಳೆ ನಿಲ್ಲಲ್ಲ. ಒಣಗಿದ ಕಾಯಿ ಆದ್ರೆ ತಳಕ್ಕೆ ಜೇಡಿಮಣ್ಣಲ್ಲಿ ಗಟ್ಟಿಯಾಗಿ ಅಂಟಿಸಲೇಬೇಕು, ಇಲ್ಲಾಂದ್ರೆ ಸುರಿದ ಕೂಡಲೇ ತೇಲಿ ಮೇಲೆ ಬರತ್ತೆ. ಅಚ್ಚು ತೆಗೆದ ದಿನವೇ ಎರಕ ಹೊಯ್ದುಬಿಡಿ, ನಾಳೆಗೆ ಅಂತ ಇಟ್ರೆ ನೀರು ಆರಿ ಕುಗ್ಗತ್ತೆ, ಬೂಸಲೂ ಬರತ್ತೆ. ಕೆಲಸ ಮುಗಿದ ಅಚ್ಚನ್ನ ಚೂರು ಮಾಡಿ ಸ್ವಲ್ಪ ನೀರು ಹಾಕಿ ಮತ್ತೆ ಕುದಿಸಿದ್ರೆ ಇನ್ನೊಂದು ಅಚ್ಚಿಗೆ ಆಗತ್ತೆ, ಸರ್ಕಾರಿ ಶಾಲೆಯ ಬಜೆಟ್‌ನಲ್ಲಿ ಇದು ಸಣ್ಣ ಮಾತಲ್ಲ.

ಇನ್ನೊಂದು, ಪ್ಲಾಸ್ಟರ್ ಬದಲು ಜೇನುಮೇಣ ಹೊಯ್ದು ನೋಡಿ. ಅದು ಕರಗೋದು 62ರಿಂದ 64 ಡಿಗ್ರಿಗೆ, ಅಗರ್ ತಡ್ಕೊಳತ್ತೆ. ಪಾತ್ರೆಯ ಅಂಚಲ್ಲಿ ಮೇಣ ತೆಳ್ಳಗೆ ಕೆನೆ ಕಟ್ಟೋಕೆ ಶುರು ಆದಾಗ ಹೊಯ್ದರೆ ಒಂದು ಗೆರೆಯೂ ತಪ್ಪಲ್ಲ. ಮೇಣವನ್ನ ಯಾವತ್ತೂ ನೇರ ಬೆಂಕಿ ಮೇಲೆ ಇಡಬೇಡಿ, ಬಿಸಿನೀರಿನ ಪಾತ್ರೆ ಒಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಮಕ್ಕಳಿದ್ದ ಕಡೆ ಇದನ್ನ ನೀವೇ ಮಾಡಿ.

ಪ್ರಶ್ನೆ: ಮಳೆಗಾಲದಲ್ಲಿ ಕೆಸುವಿನ ಎಲೆ ಮೇಲೆ ಪೇಪರ್ ಪಲ್ಪ್ ಹಚ್ಚಿ ದೊಡ್ಡ ಬಟ್ಟಲಿನ ಥರ ಮಾಡಿದ್ವಿ. ಒಂದು ವಾರದಲ್ಲಿ ಕಪ್ಪು ಬೂಸಲು ಬಂದು ವಾಸನೆ ಹೊಡೀತು, ಬಿಸಾಕಬೇಕಾಯ್ತು. ಫೆವಿಕಾಲ್ ಹಾಕದೆ ಉಳಿಸೋಕೆ ದಾರಿ ಇದ್ಯಾ? ಮತ್ತೆ ಎಲೆಯ ನರಗಳು ಉಬ್ಬಿ ಬರಬೇಕಿತ್ತು, ಎಲ್ಲ ಒಳಗೆ ಹೋಗಿವೆ, ಯಾಕೆ?
— ಗೃಹಿಣಿ, ಸಾಗರ

ಉತ್ತರ: ಅಕ್ಕ, ಎರಡನೇ ಪ್ರಶ್ನೆಗೆ ಮೊದಲು ಹೇಳ್ತೀನಿ. ಎಲೆಯ ಹಿಂಭಾಗದಲ್ಲಿ ನರ ಉಬ್ಬಿರತ್ತೆ, ಅದರ ಮೇಲೆ ಏನೇ ಹಚ್ಚಿದ್ರೂ ಅಲ್ಲಿ ಗುಳಿ ಬೀಳತ್ತೆ. ಅಂದ್ರೆ ನಿಮಗೆ ಸಿಕ್ಕಿದ್ದು ಶಿಲ್ಪ ಅಲ್ಲ, ಅಚ್ಚು. ಅದನ್ನ ಚೆನ್ನಾಗಿ ಒಣಗಿಸಿ, ಒಳಗೆ ಜೇನುಮೇಣ ಸವರಿ, ಅದರೊಳಗೆ ಇನ್ನೊಂದು ಸಲ ಪಲ್ಪ್ ಒತ್ತಿ ತೆಗೆದ್ರೆ ಆಗ ನರ ಉಬ್ಬಿ ಬರತ್ತೆ. ಆದ್ರೆ ನನ್ನ ಅಭಿಪ್ರಾಯ ಕೇಳಿದ್ರೆ ಗುಳಿ ಬಿದ್ದದ್ದೂ ಚೆನ್ನಾಗೇ ಕಾಣತ್ತೆ, ಬೆಳಕು ಓರೆಯಾಗಿ ಬಿದ್ದಾಗ ಆ ಗೆರೆಗಳಲ್ಲಿ ನೆರಳು ನಿಲ್ಲತ್ತೆ, ಒಮ್ಮೆ ಕಿಟಕಿ ಪಕ್ಕ ಇಟ್ಟು ನೋಡಿ.

ಈಗ ಬೂಸಲು. ಅದಕ್ಕೆ ಕಾರಣ ಮೂರು, ದಪ್ಪ ಜಾಸ್ತಿ, ಹಿಂಡಿದ್ದು ಕಮ್ಮಿ, ಮೈದಾ ಅಂಟು. ಬೂಸಲಿಗೆ ಮೈದಾ ಅಂದ್ರೆ ಹಬ್ಬದೂಟ. ಅದರ ಬದಲು ಹುಣಸೆಬೀಜದ ಅಂಟು ಮಾಡ್ಕೊಳಿ. ಕೊಪ್ಪಳ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ತಲೆತಲಾಂತರದಿಂದ ಮಾಡ್ಕೊಂಡು ಬಂದಿರೋದು ಇದನ್ನೇ. ಅವರು ಸೆಣಬಿನ ಚಿಂದಿಯನ್ನ ನೆನೆಸಿ, ಕತ್ತರಿಸಿ, ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟು ಮತ್ತೆ ಹುಣಸೆಬೀಜದ ಅಂಟಿನ ಜೊತೆ ಕಲಸಿ ಕಿಟ್ಟ ಅಂತ ಮಾಡ್ತಾರೆ, ಮರದ ಗೊಂಬೆಯ ಮೇಲೆ ಅದನ್ನೇ ಮೆತ್ತಿ ರೂಪ ತಿದ್ದೋದು. ನೂರಾರು ವರ್ಷದಿಂದ ನಡೆದು ಬಂದ ವಿದ್ಯೆ ನಮ್ಮ ರಾಜ್ಯದಲ್ಲೇ ಇರೋವಾಗ ಪ್ಲಾಸ್ಟಿಕ್ ಅಂಟಿಗೆ ಹೋಗೋ ಅಗತ್ಯ ಇಲ್ಲ ಅಂತ ನಾನು ಗಟ್ಟಿಯಾಗಿ ನಂಬ್ತೀನಿ.

ಮಾಡೋದು ಹೀಗೆ: ಹುಣಸೆಬೀಜವನ್ನ ಬಾಣಲೇಲಿ ಹುರಿದು ಜಜ್ಜಿದ್ರೆ ಕಂದು ಸಿಪ್ಪೆ ಬಿಡತ್ತೆ, ಸಿಪ್ಪೆ ಪೂರ್ತಿ ತೆಗೀರಿ, ಇಲ್ಲಾಂದ್ರೆ ಅದರ ಒಗರು ಬಣ್ಣ ಕಾಗದಕ್ಕೆ ಇಳಿಯತ್ತೆ. ಒಳಗಿನ ಬಿಳೀ ಬೇಳೆಯನ್ನ ರಾತ್ರಿ ನೆನೆಸಿ ನುಣ್ಣಗೆ ರುಬ್ಬಿ, ನೀರು ಸೇರಿಸಿ ಸಣ್ಣ ಉರೀಲಿ ಗಂಜಿ ಹದಕ್ಕೆ ಕಾಯಿಸಿ. ಹಳೇ ಪೇಪರನ್ನ ಚೂರು ಮಾಡಿ ನೆನೆಸಿ ಮಿಕ್ಸೀಲಿ ತಿರುವಿ, ಬಟ್ಟೇಲಿ ಕಟ್ಟಿ ಹಿಂಡಿ, ಇನ್ನು ನೀರೇ ಬರಲ್ಲ ಅನ್ನೋವರೆಗೂ ಹಿಂಡಿ, ಆಮೇಲೆ ಅಂಟು ಕಲಸಿ. ದೊಡ್ಡವರು ಮಾತ್ರ ಕೆಲಸ ಮಾಡೋದಾದ್ರೆ ಸ್ವಲ್ಪ ಬೋರಿಕ್ ಪುಡಿ ಸೇರಿಸಬಹುದು, ಕೇರಂ ಬೋರ್ಡ್‌ಗೆ ಹಾಕೋದು, ಬೂಸಲಿಗೂ ಜಿರಳೆಗೂ ಆಗಲ್ಲ ಅದು. ಹೊಟ್ಟೆಗೆ ಹೋದ್ರೆ ವಿಷ, ಹಾಗಾಗಿ ಆ ಬಟ್ಟಲಲ್ಲಿ ತಿನ್ನೋದೇನೂ ಇಡಬಾರದು. ಹಳಬರು ಇದಕ್ಕೇ ಮೈಲುತುತ್ತ ಹಾಕ್ತಿದ್ರು, ಅದು ಇನ್ನೂ ಘಾಟು ವಿಷ, ಮನೇಲಿ ಬೇಡ.

ಮರಳನ್ನ ಗುಪ್ಪೆ ಮಾಡಿ ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಕಿ, ಕೆಸುವಿನ ಎಲೆಯನ್ನ ಬೋರಲು ಮಲಗಿಸಿ, ನರದ ಕಡೆ ಮೇಲೆ. ಎಲೆಯ ಮುಂಭಾಗದಲ್ಲಿ ನೀರೇ ನಿಲ್ಲಲ್ಲ, ಉರುಳಿ ಹೋಗತ್ತೆ, ಪಲ್ಪೂ ಅಲ್ಲಿ ಹಿಡಿಯಲ್ಲ. ನಡುನರದಿಂದ ಶುರು ಮಾಡಿ ಅಂಚಿನ ಕಡೆಗೆ ಬೆರಳಲ್ಲಿ ಒತ್ತುತ್ತಾ ಹೋಗಿ, ಮಧ್ಯ ಅರ್ಧ ಸೆಂಟಿಮೀಟರ್, ಅಂಚಿಗೆ ಅದರ ಅರ್ಧ, ಅಷ್ಟೇ. ಬಲಕ್ಕೆ ದಪ್ಪ ಮಾಡೋ ಬದಲು ಮಧ್ಯೆ ಹಳೇ ಪಂಚೆಯ ಪಟ್ಟಿಗಳನ್ನ ಅಂಟಲ್ಲಿ ಅದ್ದಿ ಅಡ್ಡಡ್ಡ ಹಾಕಿ. ಎಲೆಯನ್ನ ಈಗಲೇ ಎಳೀಬೇಡಿ, ಅದು ತಾನೇ ಬಾಡಿ ಕುಗ್ಗಿದಾಗ ಸಲೀಸಾಗಿ ಬಿಡತ್ತೆ. ಕೈ ತುರಿಕೆ ಬಗ್ಗೆ ನಿಮಗೆ ನಾನು ಹೇಳಬೇಕಿಲ್ಲ, ಪತ್ರೊಡೆ ಮಾಡೋರಿಗೆ ಗೊತ್ತಿರತ್ತೆ, ಕೈಗೆ ಎಣ್ಣೆ ಹಚ್ಕೊಳಿ, ತುರಿಸಿದ್ರೆ ಹುಣಸೆಹುಳಿ.

ಮತ್ತೆ ಒಣಗಿಸೋ ಜಾಗ. ಆಷಾಢದ ಮಳೇಲಿ ಫ್ಯಾನ್ ಹಾಕಿದ್ರೆ ಒದ್ದೆ ಗಾಳೀನೇ ಸುತ್ತತ್ತೆ. ನಿಮ್ಮ ಕಡೆ ಮನೆಗಳಲ್ಲಿ ಬಚ್ಚಲ ಒಲೆ ಇನ್ನೂ ಉರೀತಿದ್ರೆ ಅದರ ಮೇಲಿನ ಅಟ್ಟದಷ್ಟು ಒಳ್ಳೇ ಜಾಗ ಇನ್ನೊಂದಿಲ್ಲ, ಹದವಾದ ಬಿಸಿ, ಹೊಗೆಗೆ ಹುಳವೂ ಬರಲ್ಲ. ಒಲೆ ಇಲ್ಲದವರು ಈ ಕೆಲಸವನ್ನ ದೀಪಾವಳಿ ಆದ ಮೇಲೆ ಇಟ್ಕೊಳ್ಳೋದೇ ಒಳ್ಳೇದು. ಪೂರ್ತಿ ಒಣಗಿದ ಮೇಲೆ ಹಾರ್ಡ್‌ವೇರ್ ಅಂಗಡೀಲಿ ಸಿಗೋ ಚಪಡಾ, ಅಂದ್ರೆ ಅರಗಿನ ಹಲ್ಲೆಯನ್ನ ಸ್ಪಿರಿಟ್‌ನಲ್ಲಿ ಕರಗಿಸಿ ಎರಡು ಕೈ ಹೊಡೀರಿ, ಬೆಂಕಿಯಿಂದ ದೂರ. ಒಳಗೆ ಒದ್ದೆ ಇದ್ದಾಗ ಮಾತ್ರ ಹಚ್ಚಬೇಡಿ, ಬೂಸಲನ್ನ ಒಳಗೆ ಕೂಡಿಹಾಕಿದ ಹಾಗಾಗತ್ತೆ.

ಪ್ರಶ್ನೆ: ಶಿಲ್ಪಕಲೆ ಓದ್ತಾ ಇದೀನಿ. ಅಚ್ಚು ತೆಗೆಯೋದು ಕಾಪಿ ಹೊಡೆದ ಹಾಗೆ, ಅದರಲ್ಲಿ ಕಲಾವಿದನ ಕೆಲಸ ಏನಿದೆ ಅಂತ ನಮ್ಮ ಸೀನಿಯರ್ಸ್ ಕೇಳ್ತಾರೆ. ಏನು ಹೇಳ್ಲಿ?
— ವಿದ್ಯಾರ್ಥಿ, ಮೈಸೂರು

ಉತ್ತರ: ಈ ಜಗಳ ಹಳೇದು. 1877ರಲ್ಲಿ ಫ್ರೆಂಚ್ ಶಿಲ್ಪಿ ರೊಡಾನ್ ತನ್ನ 'ಕಂಚಿನ ಯುಗ' ಶಿಲ್ಪ ತೋರಿಸಿದಾಗ ಅದು ಎಷ್ಟು ಸಹಜವಾಗಿತ್ತು ಅಂದ್ರೆ, ಬದುಕಿರೋ ಮನುಷ್ಯನ ಮೈಮೇಲೇ ಅಚ್ಚು ತೆಗೆದಿದಾನೆ ಅಂತ ಆರೋಪ ಬಂತು, ಪಾಪ ಅವನು ಮಾಡೆಲ್‌ನ ಫೋಟೋ ಎಲ್ಲ ತೆಗೆಸಿ ತಾನೇ ತಿದ್ದಿದ್ದು ಅಂತ ಸಾಬೀತು ಮಾಡೋಕೆ ಒದ್ದಾಡಬೇಕಾಯ್ತು. ಅಂದ್ರೆ 19ನೇ ಶತಮಾನದಲ್ಲಿ ಅಚ್ಚು ಅಂದ್ರೆ ಮೋಸ. ಅದಕ್ಕೆ 300 ವರ್ಷ ಹಿಂದೆ ಹೋಗಿ ನೋಡಿ, ನ್ಯೂರೆಂಬರ್ಗ್‌ನ ಅಕ್ಕಸಾಲಿ ವೆಂಜೆಲ್ ಯಾಮ್ನಿಟ್ಜರ್ ನಿಜವಾದ ಹುಲ್ಲು, ಹೂವು, ಹಲ್ಲಿಗಳಿಂದಾನೇ ಅಚ್ಚು ತೆಗೆದು ಬೆಳ್ಳಿ ಎರೀತಿದ್ದ, ಆಗ ಅದೇ ಪರಮ ಕೌಶಲ. ಅವನು 1549ರಲ್ಲಿ ಮಾಡಿದ ಮೇಜಿನ ಅಲಂಕಾರ ಈಗಲೂ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿದೆ, ಅದರಲ್ಲಿರೋ ಹುಲ್ಲಿನ ಎಸಳುಗಳ ತೆಳುವು ನೋಡಿದ್ರೆ ಲೋಹ ಅಂತ ನಂಬೋಕಾಗಲ್ಲ. ಅದೇ ಕಾಲದಲ್ಲಿ ಫ್ರಾನ್ಸ್‌ನಲ್ಲಿ ಬೆರ್ನಾರ್ ಪಾಲಿಸಿ ಅನ್ನೋ ಕುಂಬಾರ ಹಾವು, ಮೀನು, ಕಪ್ಪೆ, ಜರೀಗಿಡದ ಅಚ್ಚುಗಳನ್ನ ತಟ್ಟೆಗಳ ಮೇಲೆ ಕೂರಿಸ್ತಿದ್ದ.

ನಿಮ್ಮ ಸೀನಿಯರ್ಸ್‌ಗೆ ಜೂಸೆಪ್ಪೆ ಪೆನೋನೆ ಬಗ್ಗೆ ಹೇಳಿ. ಇಟಲಿಯವನು, 1968ರಲ್ಲಿ ಇನ್ನೂ 21ರ ಹುಡುಗ, ತನ್ನ ಕೈಯಿಂದ ಲೋಹದ ಎರಕ ಮಾಡಿ ಊರ ಕಾಡಲ್ಲಿ ಒಂದು ಎಳೇ ಮರದ ಕಾಂಡವನ್ನ ಹಿಡಿದ ಹಾಗೆ ಕೂರಿಸಿ ಬಂದ. ಮರ ಬೆಳೀತಾ ಹೋಯ್ತು, ಆ ಕೈ ಇದ್ದ ಕಡೆ ಬಿಟ್ಟು ಸುತ್ತ ಉಬ್ಬಿ ಆ ಹಿಡಿತವನ್ನ ತನ್ನೊಳಗೆ ತಗೊಳ್ತು. ಎರಕ ಅವನ ಕೈದೇ ನಕಲು, ಸರಿ, ಆದ್ರೆ ಅದನ್ನ ಎಲ್ಲಿ ಇಡಬೇಕು, ಎಷ್ಟು ವರ್ಷ ಕಾಯಬೇಕು ಅನ್ನೋದು ಯಾರ ನಕಲು?

ನಮ್ಮವರಲ್ಲಿ ಮೃಣಾಲಿನಿ ಮುಖರ್ಜಿ ಇದ್ರು, 1949ರಿಂದ 2015. ಬರೋಡಾದಲ್ಲಿ ಕಲಿತವರು, ಸೆಣಬಿನ ಹಗ್ಗವನ್ನ ಗಂಟು ಹಾಕಿ ಹಾಕಿ ಆಳೆತ್ತರದ, ಹೂವೂ ಹೌದು ದೇವತೆಯೂ ಹೌದು ಅನ್ನಿಸೋ ರೂಪಗಳನ್ನ ಕಟ್ಟಿದವರು. ಕೊನೆಯ ವರ್ಷಗಳಲ್ಲಿ ಕಂಚಿಗೆ ಬಂದು ತಾಳೆಗರಿಯ ರೂಪಗಳನ್ನ ಮೇಣದ ಮೂಲಕ ಎರಕಕ್ಕೆ ತಂದ್ರು. 2019ರಲ್ಲಿ ನ್ಯೂಯಾರ್ಕ್‌ನ ಮೆಟ್ ಬ್ರೂಯರ್ ಮ್ಯೂಸಿಯಂನಲ್ಲಿ ಅವರ ದೊಡ್ಡ ಪ್ರದರ್ಶನ ನಡೀತು, ಅವರು ಹೋಗಿ ನಾಲ್ಕು ವರ್ಷದ ಮೇಲೆ, ಬದುಕಿದ್ದಾಗ ಸಿಗಬೇಕಿದ್ದ ಗೌರವ ಅದು ಅಂತ ನನಗೆ ಈಗಲೂ ಬೇಜಾರಿದೆ.

ನಾನು ಹೇಳೋದು ಇಷ್ಟು, ರೂಪ ಗಿಡದ್ದು, ಅದನ್ನ ನಾವು ಮಾಡಿದ್ದಲ್ಲ, ಹಾಗಂತ ಒಪ್ಕೊಂಡೇ ಶುರು ಮಾಡಬೇಕು. ಆದ್ರೆ ಸಾವಿರ ಕಾಯಲ್ಲಿ ಇದೊಂದನ್ನ ಯಾಕೆ ಎತ್ಕೊಂಡ್ರಿ, ಒಡೆದ ಬಾಯಿ ಮೇಲೆ ಬರೋ ಹಾಗೆ ಇಟ್ರೋ ಕೆಳಗೋ, ಮೇಣದಲ್ಲಿ ಬಿಟ್ರೋ ಲೋಹಕ್ಕೆ ತಂದ್ರೋ, ಅಚ್ಚಿನ ಭಾಗಗಳು ಕೂಡೋ ಕಡೆ ಬೀಳೋ ಸೀಮ್ ಗೆರೆ ಉಜ್ಜಿ ಅಳಿಸಿದ್ರೋ ಉಳಿಸಿದ್ರೋ, ಇದೆಲ್ಲ ನಿಮ್ಮ ತೀರ್ಮಾನ. ಇವನ್ನೆಲ್ಲ ಯೋಚಿಸದೆ ಮಾಡಿದ್ರೆ ಸೀನಿಯರ್ಸ್ ಹೇಳಿದ್ದೇ ಸರಿ, ಅದು ಬರೀ ಕಾಪಿ.

ಪ್ರಶ್ನೆ: ಎಕ್ಕದ ಕಾಯಿ, ಜಕರಂಡಾ ಕಾಯಿ, ಕಮಲದ ಬೀಜಕೋಶ ಎಲ್ಲಾ ಒಣಗಿಸಿ ಇಟ್ಟೀನಿ. ಇವನ್ನ ಹಿತ್ತಾಳಿ ಒಳಗ ಎರಕ ಹೊಯ್ಸಬೇಕಂತ ಆಸೆ ಅದ. ಕಾಯಿನೇ ನೇರವಾಗಿ ಮಣ್ಣಾಗ ಮುಚ್ಚಿ ಸುಟ್ರ ಆಗ್ತದೇನು? ಎಷ್ಟು ಹಿತ್ತಾಳಿ ಬೇಕು ಅಂತ ಹೆಂಗ ಲೆಕ್ಕ ಹಾಕೂದು?
— ನಿವೃತ್ತ ಬ್ಯಾಂಕ್ ನೌಕರರು, ಧಾರವಾಡ

ಉತ್ತರ: ಆಗತ್ತೆ ಸರ್, ಯಾಮ್ನಿಟ್ಜರ್ ಮಾಡಿದ್ದೂ ಹೆಚ್ಚುಕಮ್ಮಿ ಅದನ್ನೇ. ಮೇಣದ ಎರಕದಲ್ಲಿ ಮೇಣ ಕರಗಿ ಹರಿದು ಹೋಗಿ ಜಾಗ ಖಾಲಿ ಆಗತ್ತೆ, ಇಲ್ಲಿ ಕಾಯಿ ಸುಟ್ಟು ಬೂದಿ ಆಗಿ ಜಾಗ ಬಿಡಬೇಕು. ತೊಂದರೆ ಇರೋದು ಆ ಬೂದೀಲೇ. ಹುಲ್ಲು, ಬಿದಿರು, ಭತ್ತದ ತೆನೆ ಇವುಗಳಲ್ಲಿ ಸಿಲಿಕಾ ಜಾಸ್ತಿ, ಸುಟ್ಟ ಮೇಲೂ ಅದರ ಅಸ್ಥಿಪಂಜರ ಅಚ್ಚೊಳಗೆ ಹಾಗೇ ನಿಂತಿರತ್ತೆ, ಲೋಹ ಹೋದ ಕಡೆ ತೂತು ಬೀಳತ್ತೆ. ನಿಮ್ಮ ಪಟ್ಟೀಲಿ ಎಕ್ಕದ ಕಾಯಿ ಸುಲಭ, ಆದ್ರೆ ಸಿಪ್ಪೆ ತೀರಾ ತೆಳು, ಒಳಗಿನ ರೇಷ್ಮೆ ತೆಗೆದು ಒಳಮೈಗೆ ಕರಗಿದ ಜೇನುಮೇಣ ಸವರಿ ಸವರಿ ಎರಡು-ಮೂರು ಮಿಲಿಮೀಟರ್ ದಪ್ಪಕ್ಕೆ ತನ್ನಿ, ಇಲ್ಲಾಂದ್ರೆ ಲೋಹ ಅರ್ಧ ದಾರೀಲೇ ಹೆಪ್ಪುಗಟ್ಟತ್ತೆ. ಹೊರಗಡೆ ಮೇಣ ಬೇಡ, ಅದು ಕಾಯಿಯ ಚರ್ಮದ ಗೆರೆಗಳನ್ನ ಮುಚ್ಚಿಬಿಡತ್ತೆ. ಜಕರಂಡಾ ಕಾಯಿ ಕಟ್ಟಿಗೆ ಥರ ಗಟ್ಟಿ, ಬೂದಿ ಜಾಸ್ತಿ, ಅದಕ್ಕೆ ಮೊದಲು ಅಗರ್ ಅಚ್ಚು ತೆಗೆದು ಮೇಣದ ಪ್ರತಿ ಮಾಡಿ ಆ ಮೇಣವನ್ನೇ ಎರಕಕ್ಕೆ ಕೊಡಿ, ಕಾಯಿಯೂ ಉಳಿಯತ್ತೆ. ಕಮಲದ ಬೀಜಕೋಶಕ್ಕೂ ಅದೇ ದಾರಿ ಒಳ್ಳೇದು, ಅದರ ಒಂದೊಂದು ಗೂಡಿನ ಒಳಗೂ ಬೂದಿ ಸಿಕ್ಕಿಹಾಕ್ಕೊಂಡ್ರೆ ತೆಗೆಯೋಕಾಗಲ್ಲ.

ಮಣ್ಣಿನ ವಿಷಯಕ್ಕೆ ನಿಮ್ಮ ನೆಲದ್ದೇ ಒಂದು ಹಳೇ ಪಾಠ ಇದೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸ ಅನ್ನೋ ಗ್ರಂಥದಲ್ಲಿ ಮೇಣದ ಎರಕದ ವಿಧಾನ ಬಿಡಿಸಿ ಬಿಡಿಸಿ ಹೇಳಿದೆ. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಸ್ವಲ್ಪ ಉಪ್ಪು ಇವನ್ನ ಮಣ್ಣಿನ ಜೊತೆ ಕಲ್ಲ ಮೇಲೆ ನುಣ್ಣಗೆ ಅರೆದು ಮೊದಲ ಪದರ ತೆಳ್ಳಗೆ ಬಳಿದು ನೆರಳಲ್ಲಿ ಒಣಗಿಸಬೇಕು, ಆಮೇಲೆ ಎರಡನೇದು, ಅದು ಒಣಗಿದ ಮೇಲೆ ದಪ್ಪಗೆ ಮೂರನೇದು. ಇದರಲ್ಲಿ ಒಂದೊಂದಕ್ಕೂ ಕಾರಣ ಇದೆ, ನುಣ್ಣನೆ ಮೊದಲ ಪದರ ಗೆರೆ ಹಿಡಿಯತ್ತೆ, ಹತ್ತಿ ಬಿರುಕು ಬಿಡದ ಹಾಗೆ ಮಣ್ಣನ್ನ ಹಿಡ್ಕೊಂಡಿರತ್ತೆ, ಸುಡೋವಾಗ ಆ ಹತ್ತಿ ಉರಿದು ಹೋಗಿ ಸಣ್ಣ ಸಣ್ಣ ರಂಧ್ರ ಬಿಡತ್ತೆ, ಎರಕ ಹೊಯ್ದಾಗ ಒಳಗಿನ ಗಾಳಿ, ಆವಿ ಅದರಿಂದ ಹೊರಗೆ ಹೋಗತ್ತೆ. ನೆರಳಲ್ಲಿ ಒಣಗಿಸೋದನ್ನ ಬಿಸಿಲಿಗೆ ಇಟ್ಟು ಬೇಗ ಮುಗಿಸೋಕೆ ಹೋದವರ ಅಚ್ಚು ಬಿರುಕು ಬಿಡೋದು ಇವತ್ತಿಗೂ ನಡೀತಿದೆ.

ತೂಕದ ಲೆಕ್ಕವೂ ಅದರಲ್ಲೇ ಇದೆ. ಮೇಣದ ಮೂರ್ತಿ ತೂಗಿ, ಹಿತ್ತಾಳೆಗೆ ಅದರ ಎಂಟು ಪಟ್ಟು, ಬೆಳ್ಳಿಗೆ 12, ಚಿನ್ನಕ್ಕೆ 16 ಪಟ್ಟು ಲೋಹ ಅಂತ. ಆದ್ರೆ ಒಣ ಕಾಯಿ ಮೇಣಕ್ಕಿಂತ ತುಂಬಾ ಹಗುರ, ಈ ಲೆಕ್ಕ ಅದಕ್ಕೆ ಕೂಡಲ್ಲ. ನೀವು ಹೀಗೆ ಮಾಡಿ: ಕಾಯಿ ನೀರು ಕುಡೀದಿರಲಿ ಅಂತ ಕೈಗೆ ಎಣ್ಣೆ ಹಚ್ಕೊಂಡು ಅದರ ಮೇಲೆ ತೆಳ್ಳಗೆ ಸವರಿ, ತುಂಬಿದ ಪಾತ್ರೇಲಿ ಕಡ್ಡಿಯಿಂದ ಒತ್ತಿ ಪೂರ್ತಿ ಮುಳುಗಿಸಿ, ಟೊಳ್ಳು ಇದ್ದ ಕಡೆಗೂ ನೀರು ಹೋಗಬೇಕು, ಚೆಲ್ಲಿದ ನೀರನ್ನ ಅಳೀರಿ. ಎಷ್ಟು ಮಿಲಿಲೀಟರೋ ಅದನ್ನ ಎಂಟೂವರೆಯಿಂದ ಗುಣಿಸಿದ್ರೆ ಹಿತ್ತಾಳೆ ಎಷ್ಟು ಗ್ರಾಂ ಅಂತ ಬರತ್ತೆ. 40 ಮಿಲಿಲೀಟರ್ ಚೆಲ್ಲಿದ್ರೆ 340 ಗ್ರಾಂ. ಲೋಹ ಒಳಗೆ ಹೋಗೋ ದಾರಿ, ಗಾಳಿ ಹೊರಗೆ ಬರೋ ದಾರಿ, ಲೋಹ ಸುರಿಯೋ ಮೇಲಿನ ಬಟ್ಟಲು ಇವಕ್ಕೂ ಲೋಹ ಬೇಕು, ಅದನ್ನ ಬೇರೆಯಾಗಿ ಸೇರಿಸ್ಕೊಳಿ.

ಹೊಯ್ಯೋ ಕೆಲಸ ಮಾತ್ರ ದಯವಿಟ್ಟು ಮನೇಲಿ ಮಾಡಬೇಡಿ. ಅಚ್ಚಲ್ಲಿ ಚೂರು ತೇವ ಉಳಿದಿದ್ರೂ ಕರಗಿದ ಹಿತ್ತಾಳೆ ತಾಗಿದ ಕೂಡಲೇ ಆವಿಯಾಗಿ ಸಿಡಿಯತ್ತೆ, ಜೀವ ಹೋಗೋ ವಿಷಯ ಇದು. ನಮ್ಮಲ್ಲಿ ನಾಗಮಂಗಲ ವಿಗ್ರಹದ ಎರಕಕ್ಕೆ ಹೆಸರಾದ ಊರು, ಅಂಥ ಕಡೆ ಅನುಭವ ಇರೋ ಕುಶಲಕರ್ಮಿಗಳ ಹತ್ರ ಹೋಗಿ. ಅಚ್ಚನ್ನ 600-700 ಡಿಗ್ರಿಗೆ ಕೆಂಪಗೆ ಸುಟ್ಟು, ಬೂದಿಯನ್ನ ಊದಿ ತೆಗೆದು ಆಮೇಲೇ ಹೊಯ್ಯಬೇಕು ಅಂತ ಮೊದಲೇ ಮಾತಾಡ್ಕೊಳಿ, ಮೇಣಕ್ಕೆ ಒಗ್ಗಿದ ಕೈಗಳು ಅಷ್ಟು ಹೊತ್ತು ಸುಡೋ ಅಭ್ಯಾಸ ಇಟ್ಕೊಂಡಿರಲ್ಲ.

ಪ್ರಶ್ನೆ: ಬೀಚಿನಲ್ಲಿ ಹವಳದ ತುಂಡು, ದೊಡ್ಡ ಶಂಖದ ಚಿಪ್ಪು ಸಿಕ್ಕಿ ಉಂಟು. ಮನೆಗೆ ತಂದು ಅಚ್ಚು ತೆಗೆಯಬಹುದಾ?
— ಓದುಗರು, ಮಂಗಳೂರು

ಉತ್ತರ: ಹವಳ ಖಂಡಿತ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹವಳಕ್ಕೆ ಹುಲಿಗೆ ಕೊಟ್ಟಷ್ಟೇ ರಕ್ಷಣೆ ಇದೆ, ಸತ್ತು ದಡಕ್ಕೆ ಬಂದಿದ್ರೂ ಮನೇಲಿ ಇಟ್ಕೊಳ್ಳೋ ಹಾಗಿಲ್ಲ. ಶಂಖ, ಕವಡೆ ಜಾತಿಯಲ್ಲೂ ಕೆಲವು ಪಟ್ಟೀಲಿವೆ, ಯಾವುದು ಅಂತ ಗೊತ್ತಿಲ್ಲದಾಗ ಅಲ್ಲೇ ಬಿಡೋದು ಸರಿ. ಮನೇಲಿ ಮರುವಾಯಿ ಸಾರು ಮಾಡಿದ ಮೇಲೆ ಉಳಿಯೋ ಚಿಪ್ಪುಗಳಿಲ್ವಾ, ಅದರ ಬೆನ್ನಿನ ಗೆರೆಗಳು ಜೇನುಮೇಣದಲ್ಲಿ ಎಷ್ಟು ಚಂದ ಬರ್ತವೆ ಗೊತ್ತಾ. ಗೀಜಗನ ಗೂಡಿನ ಬಗ್ಗೆಯೂ ಇಬ್ಬರು ಕೇಳಿದಾರೆ, ಹಕ್ಕಿ ಬಿಟ್ಟು ಹೋಗಿ ಗಾಳಿಗೆ ತಾನಾಗಿ ಉದುರಿದ್ದನ್ನ ಮಾತ್ರ ತಗೊಳಿ, ಮರದಲ್ಲಿರೋದನ್ನ ಮುಟ್ಟಬೇಡಿ.

ಪ್ರಶ್ನೆ: ಅಣಬೆಯಿಂದ ಶಿಲ್ಪ ಬೆಳೆಸಬಹುದು ಅಂತ ವಿಡಿಯೋದಲ್ಲಿ ನೋಡಿದೆ. ಅಪಾರ್ಟ್‌ಮೆಂಟ್‌ನಲ್ಲಿ ಸಾಧ್ಯನಾ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಸಾಧ್ಯ, ಬೆಂಗಳೂರಿನ ಹವೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ನಮಗೆ ಬೇಕಾಗಿರೋದು ಅಣಬೆ ಅಲ್ಲ, ಅದರ ಬೇರಿನಂಥ ಬಿಳೀ ಎಳೆಗಳು, ಅವು ಹುಲ್ಲನ್ನ ತಿಂತಾ ತಿಂತಾ ಅದನ್ನೇ ಒಂದಕ್ಕೊಂದು ಹೆಣೆದು ಗಟ್ಟಿ ಮಾಡ್ತವೆ. ಅಮೆರಿಕದ ಕಲಾವಿದ ಫಿಲಿಪ್ ರಾಸ್ ಇದರಲ್ಲಿ ತುಂಬಾ ಹಿಂದಿನಿಂದ ಕೆಲಸ ಮಾಡ್ತಾ ಬಂದಿದಾರೆ. ಆಯ್ಸ್ಟರ್ ಅಣಬೆಯ ಬೀಜ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಸಿಗತ್ತೆ. ಸಣ್ಣಗೆ ಕತ್ತರಿಸಿದ ಭತ್ತದ ಹುಲ್ಲನ್ನ 80 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ಇಟ್ಟು, ಬಸಿದು, ಹಿಂಡಿದ್ರೆ ಒಂದೆರಡು ಹನಿ ಬರೋ ಹದಕ್ಕೆ ಆರಿಸಿ, ತೊಳೆದ ಕೈಯಲ್ಲಿ ಬೀಜ ಬೆರೆಸಿ ಅಚ್ಚಿಗೆ ತುಂಬಿ. ಅಚ್ಚಾಗಿ ಒಣಗಿದ ಸೋರೆಬುರುಡೆಯನ್ನ ಸೀಳಿ ಬಳಸಿ, ಒಳಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಕಿ, ಇಲ್ಲಾಂದ್ರೆ ಎಳೆಗಳು ಬುರುಡೆಯನ್ನೂ ಹಿಡಿದುಬಿಡ್ತವೆ. ಹಾಳೆಗೆ ಅಲ್ಲಲ್ಲಿ ತೂತು ಮಾಡಿ, ಅವಕ್ಕೂ ಉಸಿರು ಬೇಕು. ಕತ್ತಲಲ್ಲಿ ಹತ್ತು-ಹದಿನಾಲ್ಕು ದಿನ ಇಟ್ರೆ ಪೂರ್ತಿ ಬೆಳ್ಳಗಾಗತ್ತೆ, ಹಸಿರೋ ಕಪ್ಪೋ ಚುಕ್ಕೆ ಬಂದ್ರೆ ಅದು ಬೇರೆ ಬೂಸಲು, ಬಿಚ್ಚದೇ ಹಾಳೆಯ ಸಮೇತ ಹೊರಗೆ ಹಾಕಿ. ಹೊರತೆಗೆದ ಮೇಲೆ ಓವನ್‌ನಲ್ಲಿ 80 ಡಿಗ್ರೀಲಿ ಹಲವು ಗಂಟೆ ಒಣಗಿಸಲೇಬೇಕು, ಬೆಳವಣಿಗೆ ನಿಲ್ಲಬೇಕಲ್ಲ, ಇಲ್ಲಾಂದ್ರೆ ಶೆಲ್ಫ್ ಮೇಲೇ ಅಣಬೆ ಏಳತ್ತೆ. ಎಲೆಯ ನರದಷ್ಟು ಸೂಕ್ಷ್ಮ ಇದರಲ್ಲಿ ಬರಲ್ಲ, ದೊಡ್ಡ, ಉಬ್ಬಿದ, ಮೃದು ರೂಪಗಳಿಗೆ ಮಾತ್ರ ಇದು.

ಪ್ರಶ್ನೆ: ಮಗಳಿಗೆ ನಾಲ್ಕು ವರ್ಷ. ಅವಳ ಕೈ ಅಚ್ಚು ತೆಗೆದು ಇಟ್ಕೋಬೇಕು ಅಂತ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ನೇರ ಕೈ ಇಡಿಸಬಹುದಾ? ಒಂದು ಅಚ್ಚಿಂದ ಅಜ್ಜಿ ಮನೆಗೂ ಒಂದು ಪ್ರತಿ ಮಾಡಬಹುದಾ?
— ತಾಯಿ, ತುಮಕೂರು

ಉತ್ತರ: ಬೇಡಮ್ಮ, ಯಾವ ಕಾರಣಕ್ಕೂ ಬೇಡ. ಮೇಲೆ ಮಾಸ್ತರಿಗೆ ಹೇಳಿದ ಪ್ಲಾಸ್ಟರಿನ ಬಿಸಿ ನೆನಪಿರಲಿ. 2007ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ 16 ವರ್ಷದ ಹುಡುಗಿ ಶಾಲೆಯ ಆರ್ಟ್ ಕ್ಲಾಸಲ್ಲಿ ಪ್ಲಾಸ್ಟರ್ ಬಕೆಟ್‌ಗೆ ಕೈ ಇಟ್ಟು, ಅದು ಗಟ್ಟಿಯಾಗಿ ಕೈ ತೆಗೆಯೋಕಾಗದೆ ಸುಟ್ಟು, ಬಹುತೇಕ ಬೆರಳುಗಳನ್ನೇ ಕಳ್ಕೊಂಡಳು. ಕೈ ಇಡೋಕೆ ಆಲ್ಜಿನೇಟ್ ತಗೊಳಿ, ಹಲ್ಲಿನ ಡಾಕ್ಟರು ಅಳತೆ ತೆಗೆಯೋದು ಅದರಲ್ಲೇ, ಡೆಂಟಲ್ ಸಾಮಾನಿನ ಅಂಗಡೀಲಿ ಸಿಗತ್ತೆ, ಕಂದು ಕಡಲಪಾಚಿಯದ್ದು. ಬಿಸಿ ಆಗಲ್ಲ, ರಬ್ಬರ್ ಥರ ಬಾಗತ್ತೆ, ಕೈ ಸಲೀಸಾಗಿ ಜಾರಿ ಬರತ್ತೆ, ಚರ್ಮದ ಒಂದೊಂದು ಗೆರೆಯೂ ಬೀಳತ್ತೆ. ಪುಡಿ ಸುರಿಯೋವಾಗ ಮಗು ಹತ್ರ ಇರೋದು ಬೇಡ, ದೂಳು ಮೂಗಿಗೆ ಹೋಗಬಾರದು. ತಣ್ಣೀರಲ್ಲಿ ಕಲಸಿದ್ರೆ ಗಟ್ಟಿಯಾಗೋಕೆ ಸ್ವಲ್ಪ ಜಾಸ್ತಿ ಟೈಮ್ ಸಿಗತ್ತೆ, ಆದ್ರೂ ಕೆಲವೇ ನಿಮಿಷ, ಹಾಗಾಗಿ ಅವಳಿಗೆ ಮೊದಲು ಬರೀ ನೀರಲ್ಲಿ ಕೈ ಅಲ್ಲಾಡಿಸದೆ ಇಟ್ಕೊಳ್ಳೋ ಆಟ ಆಡಿಸಿ.

ಆಲ್ಜಿನೇಟ್ ಅಚ್ಚು ಒಂದೇ ಸಲಕ್ಕೆ, ಅಗರ್ ಥರ ಮತ್ತೆ ಕರಗಿಸೋಕೂ ಬರಲ್ಲ, ಇಟ್ರೆ ನೀರು ಬಿಟ್ಟು ಕುಗ್ಗತ್ತೆ. ಕೈ ತೆಗೆದ ಕೂಡಲೇ ಪ್ಲಾಸ್ಟರ್ ಹೊಯ್ದು, ಅದು ಗಟ್ಟಿಯಾಗಿ ತಣ್ಣಗಾದ ಮೇಲೆ ಅಚ್ಚನ್ನ ಚೂರು ಚೂರಾಗಿ ಬಿಡಿಸಿ, ಬೆರಳುಗಳ ಕಡೆ ನಿಧಾನ, ಅಲ್ಲೇ ಮುರಿಯೋದು. ಅಜ್ಜಿ ಮನೆಗೆ ಪ್ರತಿ ಬೇಕಾದ್ರೆ ಆ ಪ್ಲಾಸ್ಟರ್ ಕೈ ಪೂರ್ತಿ ಒಣಗಿದ ಮೇಲೆ ಅದಕ್ಕೆ ಚಪಡಾ ಹಚ್ಚಿ, ಅದರಿಂದ ಅಗರ್ ಅಚ್ಚು ಎರಡು ಭಾಗದಲ್ಲಿ ತೆಗೆದು ಜೇನುಮೇಣ ಹೊಯ್ಯಿರಿ. ಉಳಿದ ಪ್ಲಾಸ್ಟರನ್ನ ಸಿಂಕಿಗೆ ಸುರೀಬೇಡಿ, ಪೈಪಲ್ಲೇ ಗಟ್ಟಿಯಾಗಿ ಕೂತ್ಕೊಳತ್ತೆ, ಬಕೆಟ್‌ನಲ್ಲೇ ಒಣಗೋಕೆ ಬಿಟ್ಟು ಬಡಿದು ತೆಗೀರಿ.